ತಿರುವಿನಲ್ಲಿ ನಿಲ್ಲುತ್ತಿದ್ದ ರೋಬೋಟ್

ಕೆಟ್ಟು ನಿಂತ ಯಂತ್ರಕ್ಕೆ ನಾನು ಹೆದರುವುದಿಲ್ಲ. ನಿಂತಿದೆಯಲ್ಲ, ಬಿಚ್ಚಿ ನೋಡಿದರಾಯಿತು. ತಾನಾಗಿ ನಿಂತು, ನಾನು ಹತ್ತಿರ ಹೋಗುವಷ್ಟರಲ್ಲಿ ತಾನಾಗಿ ಓಡತೊಡಗುವ ಯಂತ್ರವೇ ನನ್ನ ನೆಮ್ಮದಿ ಕೆಡಿಸುವುದು. ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿ ಕಂಟ್ರೋಲ್ ಪ್ಯಾನೆಲ್ ನೋಡಿಕೊಳ್ಳುವ ಎಂಜಿನಿಯರ್ ನಾನು. "ಬೆಳಿಗ್ಗೆ ಮಧ್ಯದಲ್ಲೇ ನಿಂತ್ಬಿಟ್ಟಿತ್ತು ಮೇಡಂ, ಈಗ ನೋಡಿ, ಚೆನ್ನಾಗೇ ಓಡ್ತಿದೆ" ಎಂದು ಯಾವುದಾದರೂ ಅಪಾರ್ಟ್‌ಮೆಂಟಿನ ವಾಚ್‌ಮನ್ ಹೇಳಿದರೆ, ಆ ದಿನವಿಡೀ ನಾನು ಕೂತಲ್ಲಿ ಕೂರುವುದಿಲ್ಲ.

ಆ ಶನಿವಾರ ಚಾಮರಾಜಪೇಟೆಯ ಶಾಲೆಯಲ್ಲಿ ಮಕ್ಕಳ ರೋಬೋಟ್ ಹಾಗೆ ನಿಂತಿತು.

ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ ಇರುವ ಹಳೇ ಹೈಸ್ಕೂಲು ಅದು. ರಾಜ್ಯಮಟ್ಟದ ರೋಬೋಟಿಕ್ಸ್ ಸ್ಪರ್ಧೆಗೆ ತಂಡ ಕಟ್ಟುತ್ತಿದ್ದೇವೆ, ಹೇಳಿಕೊಡೋಕೆ ಬರ್ತೀರಾ ಎಂದು ಅಲ್ಲಿನ ವಿಜ್ಞಾನದ ಮೇಷ್ಟ್ರು ಕೇಳಿದಾಗ ಒಪ್ಪಿಕೊಂಡಿದ್ದೆ. ಮೊದಲು ಹೊಲಿಗೆ ಕ್ಲಾಸು ನಡೆಯುತ್ತಿದ್ದ ಕೋಣೆಯೇ ನಮ್ಮ ವರ್ಕ್‌ಶಾಪು. ನೆಲಕ್ಕೆ ಪ್ಲೈವುಡ್ ಹಾಸಿ, ಸುತ್ತ ಹಲಗೆ ನಿಲ್ಲಿಸಿ, ಸ್ಪರ್ಧೆಯಲ್ಲಿರುವಂಥದೇ ಅಂಕಣ ಮಾಡಿಕೊಂಡಿದ್ದೆವು. ಆಟ ಇಷ್ಟೇ: ನೆಲದ ಮೇಲಿನ ಪ್ಲಾಸ್ಟಿಕ್ ಡಬ್ಬಿಗಳನ್ನು ರೋಬೋಟ್ ಹಿಡಿದು, ತೋಳೆತ್ತಿ, ಎತ್ತರದ ಶೆಲ್ಫಿನಲ್ಲಿಡಬೇಕು. ಶುರುವಿನಲ್ಲಿ ಸ್ವಲ್ಪ ಹೊತ್ತು ಯಾರೂ ರಿಮೋಟ್ ಮುಟ್ಟುವಂತಿಲ್ಲ. ಬರೆದಿಟ್ಟ ಪ್ರೋಗ್ರಾಮಿನಂತೆ ಅದೇ ಓಡಬೇಕು. ಆಮೇಲೆ ಡ್ರೈವರ್ ರಿಮೋಟ್ ಹಿಡಿದು ಓಡಿಸಬಹುದು.

ತಂಡದಲ್ಲಿ ಹಲವರಿದ್ದರು. ಈ ಕತೆಗೆ ಮೂವರು ಮುಖ್ಯ. ನಾಯಕಿ ಹತ್ತನೇ ಕ್ಲಾಸಿನವಳು, ರೋಬೋಟ್ ಓಡಿಸುವವಳೂ ಅವಳೇ. ಮಾತು ಜೋರು, ಬೆರಳು ಮಾತಿಗಿಂತ ಚುರುಕು. ಪ್ರೋಗ್ರಾಂ ಬರೆಯುವ ಹುಡುಗನೂ ಹತ್ತನೆಯವನೇ. ಬಳೇಪೇಟೆಯಲ್ಲಿ ಅವರಪ್ಪನ ಬಳೆ ಅಂಗಡಿ. ಅವನಿಗೆ ಎಲ್ಲರೂ ಕೋಡ್ ಹುಡುಗ ಅನ್ನುತ್ತಿದ್ದರು. ವೈರಿಂಗ್ ಹುಡುಗಿ ಒಂಬತ್ತನೆಯವಳು. ಒಂದು ವೈರನ್ನು ಒಪ್ಪವಾಗಿ ಕಟ್ಟಿದ ಮೇಲೆ ಅದನ್ನೊಮ್ಮೆ ಬೆರಳಿನಿಂದ ಸವರಿ ನೋಡುವವಳು.

ಸ್ಪರ್ಧೆಯ ದಿನ ರೋಬೋಟನ್ನು ಮಕ್ಕಳು ಮಾತ್ರ ಮುಟ್ಟಬಹುದು, ಹೇಳಿಕೊಟ್ಟವರು ಗೆರೆಯಾಚೆ ನಿಲ್ಲಬೇಕು. ಹಾಗಾಗಿ ನನಗೆ ನಾನೇ ಮೊದಲಿಂದಲೂ ಒಂದು ಕಟ್ಟುಪಾಡು ಹಾಕಿಕೊಂಡಿದ್ದೆ. ಬಾಯಿ ನನ್ನದು, ಕೈ ಅವರದು. ಹೇಳುವುದು ಸುಲಭ. ಒಬ್ಬ ಹುಡುಗ ಸ್ಕ್ರೂವನ್ನು ಓರೆಯಾಗಿ ತಿರುಗಿಸುವುದನ್ನು ಕೈಕಟ್ಟಿ ನೋಡುತ್ತ ನಿಲ್ಲುವುದು ಎಷ್ಟು ಕಷ್ಟ ಎಂದು ಆ ಕೋಣೆಯಲ್ಲೇ ನನಗೆ ಗೊತ್ತಾದದ್ದು. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆಯುತ್ತಿದ್ದೆ. "ಮಿಸ್, ಕೂತ್ಕೊಳ್ಳಿ, ನಮಗೆ ತಲೆ ಸುತ್ತುತ್ತೆ" ಎಂದು ನಾಯಕಿ ನಗುತ್ತಿದ್ದಳು.

ಆ ಶನಿವಾರ ರೋಬೋಟ್ ಪ್ರೋಗ್ರಾಮಿನಂತೆ ತಾನೇ ಓಡುತ್ತ, ಡಬ್ಬಿ ಹಿಡಿದು ಶೆಲ್ಫಿನ ಕಡೆ ತಿರುಗುತ್ತಿತ್ತು. ಕಂಟ್ರೋಲರಿನ ದೀಪ ಆರಿತು. ರೋಬೋಟ್ ಅಲ್ಲೇ ನಿಂತಿತು. ಯಾರೋ "ಅಯ್ಯೋ" ಅಂದರು. ದೀಪ ಮತ್ತೆ ಹತ್ತಿತು, ಏನೂ ಆಗಿಲ್ಲವೆಂಬಂತೆ ನಾಯಕಿಯ ರಿಮೋಟಿಗೆ ಮತ್ತೆ ಓಡತೊಡಗಿತು.

"ಸರಿ ಹೋಯ್ತು ಬಿಡಿ ಮಿಸ್."

"ಸರಿ ಹೋಗಿಲ್ಲ. ಬಚ್ಚಿಟ್ಕೊಂಡಿದೆ" ಅಂದೆ.

ಕಂಟ್ರೋಲರ್ ಅಂದರೆ ರೋಬೋಟಿನ ಮಿದುಳು. ಅದು ಆರಿ ಮತ್ತೆ ಹತ್ತುವುದಕ್ಕೆ ಎರಡೇ ಕಾರಣ ಇರಬಹುದು. ಒಂದು, ಅದಕ್ಕೆ ಸಾಕಷ್ಟು ಕರೆಂಟು ಸಿಗುತ್ತಿಲ್ಲ. ಇಲ್ಲವೇ ಪ್ರೋಗ್ರಾಮಿನಲ್ಲೇ ಏನೋ ತಪ್ಪಿ ಅದು ಕುಸಿಯುತ್ತಿದೆ. ಮೊದಲು ಕರೆಂಟಿನ ಕಡೆ ನೋಡಿದೆವು. ಬ್ಯಾಟರಿ ಬದಲಿಸಿದೆವು, ಮತ್ತೆ ನಿಂತಿತು. ಎಲ್ಲ ಜಾಯಿಂಟುಗಳನ್ನೂ ಪರೀಕ್ಷಿಸಲು ವೈರಿಂಗ್ ಹುಡುಗಿಗೆ ಹೇಳಿದೆ. ಅವಳು ಮಲ್ಟಿಮೀಟರಿನ ಕಡ್ಡಿಗಳನ್ನು ಪ್ರತಿ ವೈರಿನ ಎರಡು ತುದಿಗೂ ಮುಟ್ಟಿಸಿದಳು. ದಾರಿ ಕಡಿದಿಲ್ಲದಿದ್ದರೆ ಮೀಟರು ಬೀಪ್ ಅನ್ನುತ್ತದೆ. ಎಲ್ಲ ಕಡೆಯೂ ಬೀಪ್ ಅಂದಿತು.

ಉಳಿದದ್ದು ಪ್ರೋಗ್ರಾಮು.

ಕೋಡ್ ಹುಡುಗ ಕೆಲವು ವಾರಗಳಿಂದ ಹೊಸದೊಂದನ್ನು ಬರೆಯುತ್ತಿದ್ದ. ರೋಬೋಟ್ ಶೆಲ್ಫಿನ ಮುಂದೆ ಬಂದು ನಿಂತ ಮೇಲೆ ತೋಳೆತ್ತುವುದು ಹಳೆಯ ಪದ್ಧತಿ. ಅವನದು ಬರುತ್ತಾ ಬರುತ್ತಾ, ತಿರುಗುವಾಗಲೇ ತೋಳೆತ್ತುತ್ತಿತ್ತು. ಹಾಗೆ ಉಳಿದ ಸಮಯದಲ್ಲಿ ಇನ್ನೊಂದು ಡಬ್ಬಿ ಇಡಬಹುದಿತ್ತು. ನೋಡಲು ಚೆಂದವೂ ಇತ್ತು, ಓಡುತ್ತಲೇ ಕೈಯೆತ್ತುವ ಬೌಲರನ ಹಾಗೆ.

"ಇದು ನಿನ್ ಹೊಸ ಕೋಡೇ ಕಣೋ" ಅಂದಳು ನಾಯಕಿ. "ಅದು ಬಂದ್ಮೇಲೇ ಶುರುವಾಗಿದ್ದು."

"ಕೋಡ್ ಕ್ರ್ಯಾಶ್ ಆದ್ರೆ ಲ್ಯಾಪ್‌ಟಾಪಲ್ಲಿ ಎರರ್ ಬರುತ್ತೆ. ಬಂದಿಲ್ವಲ್ಲ" ಅಂದ ಅವನು.

"ಎಲ್ಲಾ ಟೈಮಲ್ಲೂ ಬರುತ್ತಾ?"

ಅವನು ಲ್ಯಾಪ್‌ಟಾಪಿನ ಕಡೆ ತಿರುಗಿದ. ಎಲ್ಲರೂ ನನ್ನ ಕಡೆ ನೋಡಿದರು. "ಹಳೇ ಪ್ರೋಗ್ರಾಂ ಹಾಕಿ ನೋಡೋಣ" ಅಂದೆ. ಅದು ನಮ್ಮ ಕಸುಬಿನ ಮೊದಲ ಪಾಠ. ಒಂದನ್ನೇ ಬದಲಿಸು, ಮಿಕ್ಕದ್ದನ್ನು ಹಾಗೇ ಬಿಡು, ಏನಾಗುತ್ತದೆ ನೋಡು. ನನಗದು ಪರೀಕ್ಷೆ. ಅವನ ಕಿವಿಗೆ ಅದು ತೀರ್ಪಿನ ಹಾಗೆ ಕೇಳಿಸಿತು ಎನ್ನುವುದು ಅವನ ಕುತ್ತಿಗೆ ಕೆಂಪಾದದ್ದನ್ನು ನೋಡಿದಾಗ ಹೊಳೆಯಿತು. ಅಷ್ಟರಲ್ಲಿ ಅವನು ತನ್ನದನ್ನು ತೆಗೆದು ಹಳೆಯದನ್ನು ಹಾಕಿಯಾಗಿತ್ತು.

ರೋಬೋಟ್ ನಿಲ್ಲಲಿಲ್ಲ. ಆ ದಿನವೂ ನಿಲ್ಲಲಿಲ್ಲ, ಮುಂದಿನ ವಾರ ಪೂರ್ತಿಯೂ ನಿಲ್ಲಲಿಲ್ಲ.

"ನೋಡ್ದ್ಯಾ?" ಅಂದಿದ್ದಳು ನಾಯಕಿ ಆ ಶನಿವಾರವೇ. ಕೆಟ್ಟ ಮನಸ್ಸಿನಿಂದಲ್ಲ, ಖುಷಿಯಲ್ಲಿ. ಆದರೆ ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಕೋಡ್ ಹುಡುಗ ಲ್ಯಾಪ್‌ಟಾಪ್ ಮುಚ್ಚಿ ಶಾಲೆಯ ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಮೇಷ್ಟ್ರ ಕೈಗೆ ಕೊಟ್ಟ. ಸಂಜೆ ತಂಡದ ವಾಟ್ಸಾಪ್ ಗುಂಪಿನಿಂದ ಹೊರಗೆ ಹೋದ. ಮೇಷ್ಟ್ರು ಕೇಳಿದ್ದಕ್ಕೆ, "ಪ್ರಿಪರೇಟರಿ ಎಕ್ಸಾಂ ಇದೆ ಸಾರ್" ಅಂದನಂತೆ.

ಆ ವಾರ ನಾನು ಓಕಳಿಪುರಂನ ಒಂದು ಹಳೇ ಕಟ್ಟಡದ ಲಿಫ್ಟಿನ ಕೆಲಸದಲ್ಲಿದ್ದೆ. ಕೈ ಪ್ಯಾನೆಲ್ಲಿನೊಳಗೆ, ತಲೆ ಹೊಲಿಗೆ ಕೋಣೆಯಲ್ಲಿ. ರೈಲು ಹೋದಾಗಲೆಲ್ಲ ಮೆಷಿನ್ ರೂಮಿನ ಕಿಟಕಿ ಗಡಗಡ ಎನ್ನುತ್ತಿತ್ತು, ಪ್ರತಿ ಸಲವೂ ಬೆಚ್ಚಿ ಸ್ಕ್ರೂಡ್ರೈವರ್ ಕೆಳಗಿಡುತ್ತಿದ್ದೆ. ಪ್ರೋಗ್ರಾಮಿನ ತಪ್ಪಾಗಿದ್ದರೆ ಯಾವ ಸಾಲು? ಯಾಕೆ? ಅದು ನಮಗೆ ಗೊತ್ತಾಗಿರಲಿಲ್ಲ. ಕಾರಣ ತಿಳಿಯದೆ ನಿಂತ ದೋಷ ನಿಂತಂತಲ್ಲ. ಮೇಷ್ಟ್ರಿಗೆ ಫೋನ್ ಮಾಡಿ ಅದನ್ನೇ ಹೇಳಿದೆ. "ಓಡ್ತಿದೆಯಲ್ಲ ಮೇಡಂ, ಕೆಣಕೋದ್ಯಾಕೆ?" ಅಂದರು. ಅವರ ಮಾತಲ್ಲೂ ಅರ್ಥವಿತ್ತು. ಆಡಳಿತ ಮಂಡಳಿಯವರ ಮುಂದೆ ರೋಬೋಟ್ ಓಡಿಸಿ ತೋರಿಸುವ ಕಾರ್ಯಕ್ರಮ ಇಟ್ಟುಕೊಂಡಿದ್ದರು, ಅದಾದ ಮುಂದಿನ ವಾರವೇ ಸ್ಪರ್ಧೆ.

ಕಾರ್ಯಕ್ರಮ ಶಾಲೆಯ ಪ್ರಾರ್ಥನಾ ಮಂದಿರದಲ್ಲಿ. ಮುಂದಿನ ಸಾಲಿನಲ್ಲಿ ಮಂಡಳಿಯ ಹಿರಿಯರು, ಪಕ್ಕದಲ್ಲಿ ಹೆಡ್‌ಮಿಸ್ಟ್ರೆಸ್ಸು. ಎಲ್ಲ ಸರಿಯಾಗೇ ಶುರುವಾಯಿತು. ನಾಯಕಿಗೆ ಹುರುಪು ಬಂತು. ಇಷ್ಟು ಜನರ ಮುಂದೆ ನಿಧಾನವಾಗಿ ಓಡಿಸುವುದೇ? ಡಬ್ಬಿ ಹಿಡಿದಳು, ರೋಬೋಟನ್ನು ರಪ್ಪನೆ ತಿರುಗಿಸಿದಳು, ತಿರುಗುತ್ತಿರುವಾಗಲೇ ತೋಳೆತ್ತಿದಳು. ದೀಪ ಆರಿತು. ರೋಬೋಟ್ ತೋಳನ್ನು ಅರ್ಧಕ್ಕೆತ್ತಿ ಹಾಗೇ ನಿಂತಿತು, ಭಾಷಣ ಮರೆತವರ ಹಾಗೆ.

ಹಿರಿಯರೊಬ್ಬರು ಒಳ್ಳೆಯ ಮಾತಿನಲ್ಲೇ ಕೇಳಿದರು, "ಬ್ಯಾಟರಿ ಖಾಲಿಯಾಯ್ತೇನಮ್ಮ?"

ಹೆಡ್‌ಮಿಸ್ಟ್ರೆಸ್ಸು ನನ್ನ ಬಳಿ ಬಂದು ಮೆಲ್ಲಗೆ, "ಆ ಹುಡುಗನ ಪ್ರೋಗ್ರಾಂ ತೆಗೆದ್ವಿ ಅಂದ್ರಲ್ಲ?" ಎಂದರು.

"ತೆಗೆದಿದೀವಿ ಮೇಡಂ."

"ಮತ್ತೆ?"

ಆ "ಮತ್ತೆ" ನಾಯಕಿಗೂ ಕೇಳಿಸಿತು. ಅವಳ ಮುಖ ನೋಡಿದೆ. ನನಗೆ ಹೊಳೆದದ್ದೇ ಅವಳಿಗೂ ಹೊಳೆದಿತ್ತು.

ಹೊಲಿಗೆ ಕೋಣೆಗೆ ವಾಪಸು ಬಂದೆವು. "ಈಗ ನಿಂತಾಗ ಏನೇನ್ ಮಾಡ್ತಿದ್ದೆ? ಬೆರಳಿನ ಸಮೇತ ತೋರ್ಸು" ಎಂದು ನಾಯಕಿಯನ್ನು ಕೇಳಿದೆ. ಅವಳು ತೋರಿಸಿದಳು. ಎಡಗೈ ತಿರುಗಿಸುತ್ತಿತ್ತು, ಬಲಗೈ ತೋಳೆತ್ತುತ್ತಿತ್ತು. "ಹೋದ ವಾರ?" "ಹೋದ ವಾರ ನಿಲ್ಸಿ ಎತ್ತುತ್ತಿದ್ದೆ ಮಿಸ್. ಹಳೇ ಪ್ರೋಗ್ರಾಂ ಹಾಗೇ ಮಾಡುತ್ತಲ್ಲ, ಅದನ್ನೇ ನೋಡಿ ನೋಡಿ ನಂಗೂ ಹಾಗೇ ಅಭ್ಯಾಸ ಆಗ್ಬಿಟ್ಟಿತ್ತು."

ತಿರುಗುವುದು ಮತ್ತು ಎತ್ತುವುದು ಒಟ್ಟಿಗೆ ಬಂದಾಗ ಎಲ್ಲ ಮೋಟಾರುಗಳೂ ಒಮ್ಮೆಲೇ ಕರೆಂಟು ಎಳೆಯುತ್ತವೆ. ದಾರಿಯಲ್ಲಿ ಎಲ್ಲೋ ಅದು ಸೋರುತ್ತಿದ್ದರೆ ಕಂಟ್ರೋಲರಿಗೆ ಸಾಲದು. ಕೋಡ್ ಹುಡುಗನ ಹೊಸ ಪ್ರೋಗ್ರಾಂ ಮಾಡುತ್ತಿದ್ದದ್ದು ಅದನ್ನೇ. ಅಂದರೆ ಅವನ ಪ್ರೋಗ್ರಾಂ ದೋಷವನ್ನು ಮಾಡಿರಲಿಲ್ಲ, ತೋರಿಸಿತ್ತು. ತೋರಿಸಿದವನನ್ನೇ ಕಳಿಸಿಬಿಟ್ಟಿದ್ದೆವು.

ಹಾಗಾದರೆ ಕರೆಂಟು ಎಲ್ಲಿ ಕಳೆದುಹೋಗುತ್ತಿದೆ? ವೈರಿಂಗ್ ಹುಡುಗಿ ಸಣ್ಣ ದನಿಯಲ್ಲಿ, "ಎಲ್ಲಾ ಕಡೆ ಬೀಪ್ ಬಂತು ಮಿಸ್" ಅಂದಳು.

"ಹತ್ತಾರು ಎಳೆಯ ವೈರಲ್ಲಿ ಎರಡೇ ಎಳೆ ಮುಟ್ಟಿದ್ರೂ ಬೀಪ್ ಬರುತ್ತೆ. ಕಾಲುದಾರಿ ಇದ್ರೂ ದಾರಿ ಇದೆ ಅನ್ನುತ್ತೆ ಮೀಟರು. ಲಾರಿ ಹೋಗುತ್ತಾ ಅಂತ ನೋಡ್ಬೇಕು" ಅಂದೆ. ಮೊದಲ ದಿನವೇ ಹೇಳಬೇಕಿದ್ದ ಮಾತು.

ರೋಬೋಟಿನ ಮೂತಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿದೆವು. ನಾಯಕಿ ಅದನ್ನು ಗೋಡೆಗೆ ನುಗ್ಗಿಸುತ್ತಲೇ ತೋಳನ್ನೂ ಎತ್ತಬೇಕು. ಆ ಭಾರದಲ್ಲಿ ವೈರಿಂಗ್ ಹುಡುಗಿ ಒಂದೊಂದೇ ಜಾಯಿಂಟಿನ ಈಚೆ ಆಚೆ ಮೀಟರಿನ ಕಡ್ಡಿ ಇಟ್ಟು ವೋಲ್ಟೇಜ್ ನೋಡಬೇಕು. ಜಾಯಿಂಟು ಗಟ್ಟಿಯಾಗಿದ್ದರೆ ಸೊನ್ನೆಯ ಹತ್ತಿರ ಬರಬೇಕು. ಚಕ್ರಗಳು ಕಿರ್ರೆನ್ನುತ್ತಿದ್ದವು, ರಬ್ಬರಿನ ವಾಸನೆ. ಬ್ಯಾಟರಿಯ ತುದಿ ಸೊನ್ನೆ. ಫ್ಯೂಸು ಸೊನ್ನೆ. ನನಗೆ ನಿಲ್ಲಲಾಗಲಿಲ್ಲ. ಕಡ್ಡಿ ಕಿತ್ತುಕೊಂಡು ನಾನೇ ಇಡಬೇಕೆಂದು ಕೈ ಮುಂದೆ ಹೋಗುತ್ತಿತ್ತು, ಹಿಂದಕ್ಕೆಳೆದು ಕಿಟಕಿಯ ಸರಳು ಹಿಡಿದುಕೊಂಡೆ. ಮೆಯಿನ್ ಸ್ವಿಚ್ಚಿನ ಹತ್ತಿರ ಬಂದಾಗ ಅವಳು ಕಡ್ಡಿ ತೆಗೆದು ಮತ್ತೊಮ್ಮೆ ಇಟ್ಟು ನೋಡಿದಳು.

"ಮೂರೂವರೆ ಬರ್ತಿದೆ ಮಿಸ್."

ಹನ್ನೆರಡು ವೋಲ್ಟಿನ ಬ್ಯಾಟರಿ ಅದು. ಆ ಒಂದೇ ಜಾಯಿಂಟು ಮೂರೂವರೆ ವೋಲ್ಟು ನುಂಗುತ್ತಿತ್ತು. ಮೇಲಿನ ಪ್ಲಾಸ್ಟಿಕ್ ತೊಗಲನ್ನು ಅವಳೇ ಸೀಳಿದಳು. ಸ್ವಿಚ್ಚಿಗೆ ಕೂರಿಸುವ ತಾಮ್ರದ ತುದಿಯೊಳಗೆ ವೈರನ್ನಿಟ್ಟು ಅಮುಕಬೇಕು. ಅದು ಸರಿಯಾಗಿ ಅಮುಕಿರಲಿಲ್ಲ. ಎಳೆದರೆ ಕೆಲವು ಎಳೆ ಬಿಟ್ಟು ಉಳಿದವೆಲ್ಲ ಈಚೆಗೆ ಬಂದವು. ಅದಕ್ಕೆಂದೇ ಇರುವ ದೊಡ್ಡ ಇಕ್ಕಳ ಆಗಿನ್ನೂ ನಮ್ಮಲ್ಲಿರಲಿಲ್ಲ, ಮಾಮೂಲಿ ಕಟಿಂಗ್ ಪ್ಲೇಯರಿನಲ್ಲಿ ಒತ್ತಿದ್ದಳು. ಹೊರಗಿನಿಂದ ನೋಡಲು ಎಷ್ಟು ಒಪ್ಪ!

ಅವಳು ಅಳಲಿಲ್ಲ. ಸೀಳಿದ ತೊಗಲನ್ನು ಬೆರಳಿನಲ್ಲಿ ಸುತ್ತುತ್ತ ಕೂತಳು.

ನಾಯಕಿಯೇ ಮೊದಲು ಮಾತಾಡಿದಳು. "ಸಿಕ್ತಲ್ಲ! ಇದೊಂದು ಸರಿ ಮಾಡೋಣ, ನಾಳೆಯಿಂದ ಪ್ರಾಕ್ಟೀಸು. ಇರೋದೇ ಒಂದು ವಾರ."

"ಇದೊಂದೇ ಅಲ್ಲ" ಎಂದಳು ವೈರಿಂಗ್ ಹುಡುಗಿ. "ಎಲ್ಲಾ ನಾನೇ ಮಾಡಿದ್ದು. ಅದೇ ಪ್ಲೇಯರಲ್ಲೇ ಮಾಡಿದ್ದು. ಇವತ್ತು ಸೊನ್ನೆ ಬಂದಿರೋದು ಅಲ್ಲಿಗೆ ಹೋಗೋ ಹೊತ್ತಿಗೆ ಏನಾಗುತ್ತೋ."

"ಎಲ್ಲಾ ಬಿಚ್ಚಿದ್ರೆ ನಾನ್ ಯಾವಾಗ ಓಡ್ಸೋದೇ?"

ಮೇಷ್ಟ್ರು ನನ್ನ ಮುಖ ನೋಡಿದರು. ಅವರಿಗೂ ಒಂದನ್ನೇ ಸರಿಮಾಡಿ ಮುಗಿಸಬೇಕೆಂದಿತ್ತು. ನನ್ನ ತಲೆಯಲ್ಲಿ ಮೂರನೆಯ ದಾರಿಯೊಂದು ಕೊರೆಯುತ್ತಿತ್ತು. ನಮ್ಮ ಕಂಪನಿಯಲ್ಲಿ ಒಳ್ಳೆಯ ಇಕ್ಕಳವಿದೆ. ರೋಬೋಟನ್ನು ಆಟೋದಲ್ಲಿ ಹಾಕಿಕೊಂಡು ಹೋದರೆ ಒಂದು ಮಧ್ಯಾಹ್ನದಲ್ಲಿ ನಾನೇ ಎಲ್ಲ ಜಾಯಿಂಟನ್ನೂ ಹೊಸದಾಗಿ ಮಾಡಿ ತಂದುಬಿಡುತ್ತೇನೆ. ಪ್ರಾಕ್ಟೀಸೂ ಉಳಿಯುತ್ತದೆ, ರೋಬೋಟೂ ಉಳಿಯುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲ, ಒಬ್ಬಳಿಗೆ ಗೊತ್ತಾಗುತ್ತದೆ. ತೊಗಲು ಸುತ್ತುತ್ತ ಕೂತಿದ್ದವಳಿಗೆ. ಒಬ್ಬನನ್ನು ಆಗಲೇ ಕಳೆದುಕೊಂಡಿದ್ದೆವು.

"ಎಲ್ಲಾ ಬಿಚ್ಚು. ಇಕ್ಕಳ ನಾಳೆ ತಂದ್ಕೊಡ್ತೀನಿ. ನೀನೇ ಮಾಡು" ಅಂದೆ.

ನಾಯಕಿ ರಿಮೋಟನ್ನು ಮೇಜಿನ ಮೇಲೆ ಕುಕ್ಕಿದಳು. ಆಮೇಲೆ, "ಅವನನ್ನ ಏನ್ ಮಾಡೋದು ಮಿಸ್?" ಅಂದಳು.

ಮರುದಿನ ಸಂಜೆ ನಾನು, ನಾಯಕಿ, ವೈರಿಂಗ್ ಹುಡುಗಿ ಬಳೇಪೇಟೆಗೆ ಹೋದೆವು. ಕೈಗಾಡಿಗಳ ಮಧ್ಯೆ ದಾರಿ ಮಾಡಿಕೊಂಡು ಅಂಗಡಿ ಹುಡುಕುವಾಗಲೂ ಇಬ್ಬರೂ ಯಾರು ಮೊದಲು ಮಾತಾಡಬೇಕೆಂದು ಜಗಳವಾಡುತ್ತಿದ್ದರು. ಕೋಡ್ ಹುಡುಗ ಅಪ್ಪನ ಪಕ್ಕ ಕೂತು ಬಳೆಗಳನ್ನು ಅಳತೆಯ ಪ್ರಕಾರ ದಾರಕ್ಕೆ ಕಟ್ಟುತ್ತಿದ್ದ. ನಮ್ಮನ್ನು ನೋಡಿ ಎದ್ದು ನಿಂತ, ನಗಲಿಲ್ಲ. ಹಣೆಗೆ ವಿಭೂತಿ ಹಚ್ಚಿದ್ದ ಅವರಪ್ಪ, "ಬನ್ನಿ ಮೇಡಂ, ಕೂತ್ಕೊಳ್ಳಿ" ಎಂದು ಸ್ಟೂಲು ಎಳೆದರು. ನಾನು ಕೂರಲಿಲ್ಲ. ಕೂರಲಾಗುವ ಸ್ಥಿತಿಯಲ್ಲಿರಲಿಲ್ಲ.

ನಾಯಕಿಗೆ ಆ ಜೋರು ಬಾಯಿ ಎಲ್ಲಿ ಹೋಯಿತೋ. ವೈರಿಂಗ್ ಹುಡುಗಿಯೇ ಹೇಳಿದಳು: "ನಿನ್ ಕೋಡಲ್ಲ. ನನ್ ಜಾಯಿಂಟು. ಮೆಯಿನ್ ಸ್ವಿಚ್ ಹತ್ರದ್ದು."

ಅವನು ಬಳೆಯ ದಾರ ಗಂಟು ಹಾಕಿದ. "ಗೊತ್ತಾಯ್ತಲ್ಲ. ಒಳ್ಳೇದು."

"ಬಾರೋ. ನಾನ್ ಹಾಗನ್ಬಾರ್ದಿತ್ತು" ಅಂದಳು ನಾಯಕಿ.

"ಈಗ ಬೇಕಾದಾಗ ಬಾ ಅಂತೀಯ."

ಅವಳು ತಲೆ ತಗ್ಗಿಸಿದಳು. ನಾನು ಹೇಳಿದೆ, "ಹಳೇದು ಹಾಕು ಅಂದಿದ್ದು ನಾನು. ಪರೀಕ್ಷೆಗೆ ಅಂತ ಹೇಳಿದ್ದು. ಆದ್ರೆ ಇದು ಪರೀಕ್ಷೆ, ನಿನ್ನ ಮೇಲೆ ಅನುಮಾನ ಅಲ್ಲ ಅಂತ ಅವತ್ತೇ ಎಲ್ಲರ ಮುಂದೆ ಹೇಳ್ಬೇಕಿತ್ತು."

ಅಪ್ಪ ಒಮ್ಮೆ ಮಗನನ್ನು, ಒಮ್ಮೆ ನಮ್ಮನ್ನು ನೋಡಿದರು. "ಮನೇಲಿ ಎಕ್ಸಾಂ ಎಕ್ಸಾಂ ಅಂತಿದ್ದ. ಓದಿದ್ದನ್ನಂತೂ ನಾನು ನೋಡ್ಲಿಲ್ಲ" ಎಂದು ಯಾರಿಗೂ ಅಲ್ಲದಂತೆ ಹೇಳಿ, ಗಿರಾಕಿಯೊಬ್ಬರ ಕಡೆ ತಿರುಗಿದರು.

ಹುಡುಗ ಕಟ್ಟಿದ ಬಳೆಗಳನ್ನು ಪಕ್ಕಕ್ಕಿಟ್ಟ. ಆಮೇಲೆ, ಮನಸ್ಸಿಲ್ಲದ ಮನಸ್ಸಿನಿಂದ, "ಎಷ್ಟು ವೋಲ್ಟ್ ಡ್ರಾಪ್ ಆಗ್ತಿತ್ತು?" ಎಂದು ಕೇಳಿದ.

"ಮೂರೂವರೆ!" ಅಂದಳು ವೈರಿಂಗ್ ಹುಡುಗಿ, ಬಹುಮಾನ ಬಂದವಳ ಹಾಗೆ.

"ಮೂರೂವರೆನಾ? ಥೂ, ಗುರು!" ಎಂದು ಅವನು ನಕ್ಕೇಬಿಟ್ಟ.

ಮುಂದಿನ ದಿನಗಳೆಲ್ಲ ಇಕ್ಕಳದ ಕಟಕಟ ಸದ್ದು. ವೈರಿಂಗ್ ಹುಡುಗಿ ಒಂದೊಂದು ತುದಿಯನ್ನೂ ಅಮುಕಿ, ಎಳೆದು ನೋಡಿ, ಇನ್ನೊಬ್ಬರ ಕೈಲೂ ಎಳೆಸಿ ನೋಡಿ, ಆಮೇಲೆ ತೊಗಲು ಹಾಕುತ್ತಿದ್ದಳು. ಮೊದಲ ಕೆಲವು ಹಾಳಾದವು. ಕತ್ತರಿಸಿ ಮತ್ತೆ ಮಾಡಿದಳು. ಓಡಿಸಲು ರೋಬೋಟಿಲ್ಲದ ನಾಯಕಿ ಕೋಣೆಯಲ್ಲಿ ನನ್ನಂತೆಯೇ ಶತಪಥ ಹಾಕುತ್ತಿದ್ದಳು, ಈಗ ನಾವಿಬ್ಬರೂ ಎದುರುಬದುರು. ಕೋಡ್ ಹುಡುಗ ಮೂಲೆಯಲ್ಲಿ ತನ್ನ ಹೊಸ ಪ್ರೋಗ್ರಾಮನ್ನು ಮತ್ತೆ ಹಾಕಿ ತಿದ್ದುತ್ತಿದ್ದ. ಸ್ಪರ್ಧೆಯ ಹಿಂದಿನ ದಿನ ಮಧ್ಯಾಹ್ನ ರೋಬೋಟನ್ನು ಗೋಡೆಗೆ ಒತ್ತಿ ಮತ್ತೆ ಅಳೆದೆವು. ಎಲ್ಲ ಕಡೆ ಸೊನ್ನೆಯ ಹತ್ತಿರ. ಉಳಿದ ಒಂದೇ ಸಂಜೆಯಲ್ಲಿ ನಾಯಕಿಗೆ ಸಿಕ್ಕಷ್ಟು ಅಭ್ಯಾಸ.

ಸ್ಪರ್ಧೆ ಊರಾಚೆಯ ಒಂದು ಕಾಲೇಜಿನ ಒಳಾಂಗಣದಲ್ಲಿ. ನಾನು ಗೆರೆಯಾಚೆ, ಬೇರೆ ಶಾಲೆಗಳ ಗುರುಗಳ ಸಾಲಿನಲ್ಲಿ. ನೀರಿನ ಬಾಟಲಿಯ ಮುಚ್ಚಳ ತೆಗೆಯುವುದು, ಹಾಕುವುದು, ಅದೊಂದೇ ಕೈಗಿದ್ದ ಕೆಲಸ. ಮೊದಲ ಆಟ ಗೆದ್ದೆವು. ರೋಬೋಟ್ ತಿರುಗುತ್ತಾ ತೋಳೆತ್ತಿದ ಪ್ರತಿ ಸಲವೂ ನನ್ನ ಕಣ್ಣು ಡಬ್ಬಿಯ ಮೇಲಲ್ಲ, ಕಂಟ್ರೋಲರಿನ ದೀಪದ ಮೇಲೆ. ಎರಡನೆಯದರಲ್ಲಿ ಅಭ್ಯಾಸ ಸಾಲದೆ ನಾಯಕಿಯ ಕೈ ತಡವರಿಸಿ ಡಬ್ಬಿಗಳು ಬಿದ್ದವು, ಸೋತೆವು. ಮುಂದಿನದು ಮತ್ತೆ ಗೆಲುವು. ಕೊನೆಯದನ್ನು ಗೆದ್ದರೆ ಮುಂದಿನ ಸುತ್ತು.

ಯಾವ ಬದಿಯಿಂದ ಹೊರಡಬೇಕೆಂದು ಆಟಕ್ಕಾಟಕ್ಕೂ ಚೀಟಿ ಎತ್ತುತ್ತಿದ್ದರು. ಕೆಂಪು ಬದಿ, ಇಲ್ಲವೇ ನೀಲಿ. ನೀಲಿ ಬದಿಯಿಂದ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ಉಲ್ಟಾ, ಬಲಕ್ಕೆ ತಿರುಗುತ್ತಿದ್ದದ್ದು ಎಡಕ್ಕೆ ತಿರುಗಬೇಕು. ಮೊದಲ ಮೂರು ಆಟಕ್ಕೂ ನಮಗೆ ಕೆಂಪೇ ಬಂದಿತ್ತು, ಕೊನೆಯ ಆಟ ನೀಲಿ ಬದಿಯಿಂದ. ಸೀಟಿ ಊದಿದರು. ರೋಬೋಟ್ ಹೊರಟು, ಡಬ್ಬಿ ಹಿಡಿದು, ತೋಳೆತ್ತುತ್ತಾ ಲೀಲಾಜಾಲವಾಗಿ ತಿರುಗಿತು. ಬಲಕ್ಕೆ. ಬೇಲಿಯ ಹಲಗೆಗೆ ಹೋಗಿ ಮೂತಿ ಒತ್ತಿಕೊಂಡು, ಶೆಲ್ಫೇ ಇಲ್ಲದ ಕಡೆ ಗಾಳಿಯಲ್ಲಿ ಡಬ್ಬಿ ಇಟ್ಟಿತು. ಆಮೇಲೆ ರಿಮೋಟ್ ಹಿಡಿದ ನಾಯಕಿ ಜೀವ ಬಿಟ್ಟು ಓಡಿಸಿದಳು. ಕಳೆದುಕೊಂಡದ್ದು ಮಾತ್ರ ಪೂರ್ತಿ ಮರಳಲಿಲ್ಲ. ಒಂದು ಡಬ್ಬಿಯ ಅಂತರದಲ್ಲಿ ಸೋತೆವು.

ಮಕ್ಕಳು ರೋಬೋಟನ್ನು ಹೊತ್ತು ಗೆರೆಯ ಈಚೆಗೆ ಬಂದರು. ಕೋಡ್ ಹುಡುಗನ ಕುತ್ತಿಗೆ ಕೆಂಪಾಗಿತ್ತು. ನಾಯಕಿಯ ಹುಬ್ಬು ಗಂಟಾಗಿತ್ತು. ಏನಾದರೂ ಹೇಳಬೇಕು, ಯಾರಾದರೂ ಬಾಯಿ ಬಿಡುವ ಮೊದಲೇ ಹೇಳಬೇಕು. ನಾನು ಪದ ಹುಡುಕುತ್ತಿರುವಾಗಲೇ ಅವನು ಕೈ ಎತ್ತಿದ, ಕ್ಲಾಸಿನಲ್ಲಿ ಹಾಜರಿ ಕೂಗಿದಾಗ ಎತ್ತುವ ಹಾಗೆ.

"ನಂದು. ಈ ಸಲ ನಂದೇ."

ನಾಯಕಿ ರಿಮೋಟ್ ಕೆಳಗಿಟ್ಟು ಅವನ ಪಕ್ಕ ನೆಲದ ಮೇಲೆ ಕೂತಳು. "ಎಲ್ಲಿ? ತೋರ್ಸು."

ಅವನು ಲ್ಯಾಪ್‌ಟಾಪ್ ಅವಳ ಕಡೆ ತಿರುಗಿಸಿದ. ವೈರಿಂಗ್ ಹುಡುಗಿಯೂ ಬಗ್ಗಿದಳು. "ಇಲ್ಲಿ. ನೀಲಿ ಬದಿಗೆ ಇಲ್ಲೊಂದು ಮೈನಸ್ ಹಾಕ್ಬೇಕಿತ್ತು. ಬೆಳಿಗ್ಗೆ ಇನ್ನೇನೋ ತಿದ್ದುವಾಗ ಅಳಿಸಿಬಿಟ್ಟಿದೀನಿ."

"ಒಂದು ಮೈನಸ್ಸಾ?"

"ಒಂದೇ ಮೈನಸ್ಸು."

"ಅಯ್ಯೋ ಮಗಾ!" ಎಂದು ಅವಳು ಅವನ ಬೆನ್ನಿಗೊಂದು ಗುದ್ದಿದಳು. ಮೊದಲು ನಕ್ಕದ್ದು ವೈರಿಂಗ್ ಹುಡುಗಿ, ಆಮೇಲೆ ಅವನು, ಆಮೇಲೆ ಎಲ್ಲರೂ. ನಕ್ಕು ನಕ್ಕು ನಾಯಕಿಯ ಕಣ್ಣಲ್ಲಿ ನೀರು ಬಂದಿತ್ತು. ಅದರಲ್ಲಿ ಸೋಲಿನದೂ ಸ್ವಲ್ಪ ಇತ್ತು.

ಅಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ಅವರ ಫೋನು ಬಂತು. ಗದ್ದಲದಿಂದ ದೂರ ಹೋಗಿ ಗೋಡೆಗೆ ಒರಗಿ ನಿಂತೆ.

"ಏನಾಯ್ತು ಮೇಡಂ?"

"ಸೋತ್ವಿ" ಅಂದೆ. "ರೋಬೋಟ್ ಒಂದ್ಸಲಾನೂ ನಿಲ್ಲಲಿಲ್ಲ."